ಮನೆಯ ಹಾಡು ಸಿ.ಡಿ.ಗೆ ಇಳಿಯುವ ಬಗೆ

ಮುಂಬಯಿ, ಠಾಣೆ, ಡೊಂಬಿವಲಿ, ನವಿ ಮುಂಬಯಿ ಪರಿಸರದಲ್ಲಿ ಬಹುಕಾಲದಿಂದ ನೆಲೆಸಿರುವ ಕನ್ನಡ ಕುಟುಂಬಗಳಲ್ಲಿ ಹಳೆಯ ಧ್ವನಿಸುರುಳಿಗಳ ಒಂದು ರಟ್ಟಿನ ಪೆಟ್ಟಿಗೆ ಇಲ್ಲದ ಮನೆ ವಿರಳವೆಂದೇ ಹೇಳಬೇಕು. ಅಟ್ಟದ ಮೇಲೋ, ಕಪಾಟಿನ ಕೆಳಗಿನ ಖಾನೆಯಲ್ಲೋ ಅದು ಕುಳಿತಿರುತ್ತದೆ. ಅದರೊಳಗೆ ಅಂಗಡಿಯಿಂದ ಕೊಂಡು ತಂದ ಸುರುಳಿಗಳಿರುತ್ತವೆ: 1978ರಲ್ಲಿ ಹೊರಬಂದ ‘ನಿತ್ಯೋತ್ಸವ’, ಪಂಡಿತ ಭೀಮಸೇನ ಜೋಶಿಯವರ ದಾಸವಾಣಿ, ಯಕ್ಷಗಾನದ ಒಂದೆರಡು ಪ್ರಸಂಗಗಳು. ಇವು ಹಾಳಾದರೂ ಚಿಂತೆಯಿಲ್ಲ, ಬೇರೆಡೆ ದೊರೆಯುತ್ತವೆ. ಆದರೆ ಅದೇ ಪೆಟ್ಟಿಗೆಯ ತಳದಲ್ಲಿ ಬಾಲ್‌ಪೆನ್ನಿನಿಂದ ‘ಅವ್ವನ ಹಾಡು’ ಎಂದೋ, ‘ಶ್ರಾವಣ ಶುಕ್ರವಾರ’ ಎಂದೋ ಬರೆದ ಎರಡು ಮೂರು ಸುರುಳಿಗಳಿರುತ್ತವೆ. ಅವುಗಳಿಗೆ ಜಗತ್ತಿನಲ್ಲಿ ಎರಡನೆಯ ಪ್ರತಿ ಇಲ್ಲ.

ನಮ್ಮ ಮನೆಯಲ್ಲಿ ಅಂಥವು ಮೂರಿದ್ದವು. 1989ರ ಶ್ರಾವಣದಲ್ಲಿ, ನಾನಿನ್ನೂ ಧಾರವಾಡದಲ್ಲಿ ಬಿ.ಎ. ಓದುತ್ತಿದ್ದ ಕಾಲದಲ್ಲಿ, ಅಣ್ಣ ಹೊಸದಾಗಿ ಕೊಂಡಿದ್ದ ಟೂ-ಇನ್-ಒನ್ ಮುಂದಿಟ್ಟು ತಾಯಿಯವರಿಂದ ಹಾಡಿಸಿ ಮುದ್ರಿಸಿಕೊಂಡವು. ತಾಯಿಯವರು ತೀರಿಕೊಂಡ ಮೇಲೆ ಒಡಹುಟ್ಟಿದವರೆಲ್ಲರಿಗೂ ಪ್ರತಿ ಬೇಕೆಂದಾಗ ಒಂದು ಸುರುಳಿಯನ್ನು ಅಂಗಡಿಯೊಂದಕ್ಕೆ ಕೊಟ್ಟು ಸಿ.ಡಿ. ಮಾಡಿಸಿದೆವು. ಬಂದ ಸಿ.ಡಿ.ಯಲ್ಲಿ ಧ್ವನಿ ಬಹಳ ‘ಸ್ವಚ್ಛ’ವಾಗಿತ್ತು. ಎಷ್ಟು ಸ್ವಚ್ಛವೆಂದರೆ ಹಿಂದಿದ್ದ ತಂಬೂರಿಯೇ ಮಾಯವಾಗಿ, ತಾಯಿಯವರು ನೀರಿನೊಳಗೆ ಕುಳಿತು ಹಾಡಿದಂತೆ ಕೇಳುತ್ತಿತ್ತು. ಪುಣ್ಯಕ್ಕೆ ಮೂಲ ಸುರುಳಿ ಹಿಂದಕ್ಕೆ ಬಂದಿತ್ತು. ಅಂದಿನಿಂದ ಈ ಕೆಲಸವನ್ನು ಮನೆಯಲ್ಲೇ ಮಾಡುವುದನ್ನು ಕಲಿತೆ. ಕಲಾವಿಭಾಗದ ಪದವೀಧರನಾದ ನನಗೆ ಸಾಧ್ಯವಾದದ್ದು ಓದುಗರಿಗೆ ಅಸಾಧ್ಯವಾಗಲಾರದೆಂಬ ಧೈರ್ಯದಿಂದ ಆ ವಿಧಾನವನ್ನು ಇಲ್ಲಿ ವಿವರಿಸುತ್ತಿದ್ದೇನೆ.

ಮೊದಲಿಗೆ ಸಿ.ಡಿ. ಎಂದರೇನೆಂಬುದನ್ನು ಸ್ವಲ್ಪ ತಿಳಿದುಕೊಳ್ಳುವುದು ಒಳ್ಳೆಯದು. ಹಾಲೆಂಡಿನ ಫಿಲಿಪ್ಸ್ ಮತ್ತು ಜಪಾನಿನ ಸೋನಿ ಸಂಸ್ಥೆಗಳು ಕೂಡಿ 1980ರಲ್ಲಿ ಇದರ ನಿಯಮಾವಳಿಯನ್ನು ರೂಪಿಸಿದವು. ಆ ಗ್ರಂಥದ ರಕ್ಷಾಪುಟ ಕೆಂಪಾಗಿದ್ದುದರಿಂದ ಇಂದಿಗೂ ಅದಕ್ಕೆ ‘ರೆಡ್ ಬುಕ್’ ಎಂದೇ ಹೆಸರು. 1982ರಲ್ಲಿ ಸಿ.ಡಿ. ಮಾರುಕಟ್ಟೆಗೆ ಬಂತು. ಧ್ವನಿಯ ಅಲೆಯನ್ನು ಸೆಕೆಂಡಿಗೆ 44,100 ಸಲ ಅಳೆದು, ಪ್ರತಿ ಅಳತೆಯನ್ನೂ 16 ಬಿಟ್‌ಗಳ ಒಂದು ಅಂಕಿಯಾಗಿ ಬರೆದಿಡುವುದು ಅದರ ಮೂಲತತ್ತ್ವ. ಎಡಕ್ಕೊಂದು, ಬಲಕ್ಕೊಂದು, ಹೀಗೆ ಎರಡು ಸಾಲು. ಮನುಷ್ಯನ ಕಿವಿ ಹೆಚ್ಚೆಂದರೆ 20,000 ಹರ್ಟ್ಸ್‌ವರೆಗಿನ ನಾದವನ್ನು ಗ್ರಹಿಸಬಲ್ಲದು. ಯಾವುದೇ ಕಂಪನವನ್ನು ಸರಿಯಾಗಿ ಹಿಡಿಯಬೇಕಾದರೆ ಅದರ ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು. ಹಾಗಾದರೆ ದುಂಡಾಗಿ 44,000 ಎನ್ನದೆ ಆ ಬಿಡಿ ನೂರು ಎಲ್ಲಿಂದ ಬಂತೆಂದು ನನಗೆ ಬಹಳ ದಿನ ಕುತೂಹಲವಿತ್ತು. ಆಗಿನ ಕಾಲದಲ್ಲಿ ಇಷ್ಟು ಅಂಕಿಗಳನ್ನು ತುಂಬಿಡಲು ವಿಡಿಯೋ ಟೇಪ್ ಒಂದೇ ಗತಿಯಾಗಿತ್ತು. ಚಿತ್ರದ ಪ್ರತಿ ಗೆರೆಯಲ್ಲಿ ಮೂರು ಅಳತೆಗಳಂತೆ ಬರೆದರೆ, 245 ಗೆರೆಗಳ ಚಿತ್ರ ಸೆಕೆಂಡಿಗೆ 60 ಸಲ ಬಂದಾಗಲೂ, 294 ಗೆರೆಗಳ ಚಿತ್ರ 50 ಸಲ ಬಂದಾಗಲೂ ಗುಣಲಬ್ಧ 44,100 ಆಗುತ್ತದೆ. ಅಮೆರಿಕಾ ಪದ್ಧತಿಗೂ ಯುರೋಪಿನ ಪದ್ಧತಿಗೂ ಏಕಕಾಲಕ್ಕೆ ತಾಳೆಯಾದ ಸಂಖ್ಯೆ ಅದು. ಖಾತೆ ತಾಳೆಯಾದಾಗ ಬ್ಯಾಂಕಿನವನಿಗೆ ಆಗುವ ಸಮಾಧಾನ ಇದನ್ನು ಓದಿದಾಗ ನನಗಾಯಿತು.

ಇನ್ನು ತಟ್ಟೆಯ ರಚನೆ. 12 ಸೆಂಟಿಮೀಟರ್ ವ್ಯಾಸ, 1.2 ಮಿಲಿಮೀಟರ್ ದಪ್ಪದ ಪಾಲಿಕಾರ್ಬೊನೇಟಿನ ಬಿಲ್ಲೆ. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಸಿ.ಡಿ.ಯಲ್ಲಿ ಸೂಕ್ಷ್ಮವಾದ ಕುಳಿಗಳಿರುತ್ತವೆ. ನಾವು ಮನೆಯಲ್ಲಿ ಬರೆಯುವ ಸಿ.ಡಿ.-ಆರ್.ನಲ್ಲಿ ಕುಳಿಗಳಿಲ್ಲ. ಅದರಲ್ಲಿ ಒಂದು ಬಣ್ಣದ ತೆಳುಪದರವಿದ್ದು, ಬರೆಯುವ ಲೇಸರ್ ಕಿರಣದ ಕಾವಿಗೆ ಅಲ್ಲಲ್ಲಿ ಕಪ್ಪಾಗುತ್ತದೆ. ಓದುವ ಯಂತ್ರಕ್ಕೆ ಆ ಕಪ್ಪು ಕಲೆಗಳೇ ಕುಳಿಗಳಂತೆ ತೋರುತ್ತವೆ. ಇಂಗ್ಲಿಷಿನಲ್ಲಿ ಈ ಕ್ರಿಯೆಗೆ ‘ಬರ್ನ್’ ಎನ್ನುವುದು ಅಲಂಕಾರವಲ್ಲ, ಅಕ್ಷರಶಃ ಸುಡುವುದೇ ಹೌದು. ಒಮ್ಮೆ ಸುಟ್ಟದ್ದನ್ನು ಅಳಿಸಲಾಗದು. ಸುರುಳಿಯಾಕಾರದ ಆ ದಾರಿ ಗ್ರಾಮಫೋನಿಗೆ ವಿರುದ್ಧವಾಗಿ ಒಳಗಿನಿಂದ ಹೊರಗೆ ಸಾಗುತ್ತದೆ. ಬಿಚ್ಚಿ ಚಾಚಿದರೆ ಅದರ ಉದ್ದ 5 ಕಿಲೋಮೀಟರಿಗೂ ಹೆಚ್ಚು. ಮಹಾಪೆಯ ಎಂ.ಐ.ಡಿ.ಸಿ.ಯಿಂದ ನಡೆಯುತ್ತ ಹೊರಟರೆ ಒಂದು ಗಂಟೆಗೂ ಮೀರಿದ ಹಾದಿ ಆ ಅಂಗೈಯಗಲದ ತಟ್ಟೆಯೊಳಗೆ ಸುತ್ತಿಕೊಂಡಿದೆ ಎನ್ನಬಹುದು.

ಈಗ ಕೆಲಸಕ್ಕೆ ಬರೋಣ. ಮೊದಲು ಸುರುಳಿಯನ್ನು ಬೆಳಕಿಗೆ ಹಿಡಿದು ನೋಡಬೇಕು. ನಮ್ಮ ಕಡೆಯ ಮಳೆಗಾಲದಲ್ಲಿ ಗಾಳಿಯ ತೇವ ಶೇಕಡಾ 80ನ್ನು ಸುಲಭವಾಗಿ ದಾಟುವುದರಿಂದ ಟೇಪಿನ ಅಂಚಿನಲ್ಲಿ ಬಿಳಿಯ ಬೂಷ್ಟು ಹಿಡಿದಿರುವುದು ಸಾಮಾನ್ಯ. ಬೂಷ್ಟು ಕಂಡರೆ ಅದನ್ನು ಹಾಗೆಯೇ ಯಂತ್ರಕ್ಕೆ ಹಾಕಬಾರದು, ಉಳಿದ ಸುರುಳಿಗಳ ಜೊತೆಗೂ ಇಡಬಾರದು. ಯಂತ್ರದ ಮೂಲಕ ಅದು ಒಂದರಿಂದ ಇನ್ನೊಂದಕ್ಕೆ ಹರಡುತ್ತದೆ. ಒಣಗಿದ ಜಾಗದಲ್ಲಿ ಬೇರೆಯಾಗಿರಿಸಿ, ತಿಳಿದವರಿಂದ ಸ್ವಚ್ಛಗೊಳಿಸಬೇಕು. ಟೇಪ್ ತುಂಡಾಗಿದ್ದರೆ ಸಾಮಾನ್ಯ ಅಂಟುಪಟ್ಟಿಯಿಂದ ಜೋಡಿಸುವುದು ತಪ್ಪು, ಅದರ ಅಂಟು ಕಾಲಕ್ರಮದಲ್ಲಿ ಒಸರಿ ಪಕ್ಕದ ಸುತ್ತುಗಳನ್ನೂ ಹಿಡಿಯುತ್ತದೆ. ಅದಕ್ಕೆಂದೇ ಬೇರೆ ಪಟ್ಟಿ ದೊರೆಯುತ್ತದೆ. ನಮ್ಮ ಎರಡನೆಯ ಸುರುಳಿ ತುಂಡಾದಾಗ ಲ್ಯಾಮಿಂಗ್ಟನ್ ರಸ್ತೆಯ ಅಂಗಡಿಗಳನ್ನು ಎರಡು ಶನಿವಾರ ಸುತ್ತಿ ಅದನ್ನು ಹುಡುಕಬೇಕಾಯಿತು. ವರ್ಷಗಟ್ಟಲೆ ಓಡದ ಸುರುಳಿಯನ್ನು ಮೊದಲು ಒಮ್ಮೆ ಕೊನೆಯವರೆಗೆ ಸುತ್ತಿ, ಮತ್ತೆ ಹಿಂದಕ್ಕೆ ಸುತ್ತಿದ ಮೇಲೆಯೇ ಕೇಳಬೇಕು. ಒಳಗಿನ ಬಿಗಿ ಸಡಿಲವಾಗುತ್ತದೆ.

ಕೇಳಿಸುವ ಯಂತ್ರ ಒಳ್ಳೆಯದಿರಬೇಕು. ಮನೆಯಲ್ಲಿರುವ ಹಳೆಯ ಡೆಕ್ಕನ್ನು ರಿಪೇರಿ ಮಾಡಿಸಿಕೊಳ್ಳುವುದು, ಈಚೆಗೆ ಸಿಗುವ ಅಗ್ಗದ ಆಟಿಕೆಯಂಥ ಪ್ಲೇಯರ್ ಕೊಳ್ಳುವುದಕ್ಕಿಂತ ಮೇಲು. ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಆರಿದ ಬಳಿಕ ಸುರುಳಿ ಹಾಕಬೇಕು. ಡೆಕ್ಕಿನಿಂದ ಗಣಕಯಂತ್ರಕ್ಕೆ ತಂತಿ ಜೋಡಿಸುವಾಗ ಬಹುಮಂದಿ ಎಡವುತ್ತಾರೆ. ಇಂದಿನ ಲ್ಯಾಪ್‌ಟಾಪಿನ ಪಕ್ಕದಲ್ಲಿರುವ ಒಂದೇ ರಂಧ್ರ ಮೈಕಿಗಾಗಿ ಇರುವುದು. ಮೈಕಿನ ಕ್ಷೀಣ ಸಂಕೇತಕ್ಕೆಂದು ಇರುವ ಬಾಗಿಲಿಗೆ ಡೆಕ್ಕಿನ ಬಲವಾದ ಸಂಕೇತವನ್ನು ನುಗ್ಗಿಸಿದರೆ ಧ್ವನಿ ಒಡೆಯುತ್ತದೆ. ಸಾಲದ್ದಕ್ಕೆ ಎಡ ಬಲ ಎರಡೂ ಸೇರಿ ಒಂದಾಗುತ್ತವೆ. ಯು.ಎಸ್.ಬಿ.ಗೆ ಸಿಕ್ಕಿಸುವ, ‘ಲೈನ್ ಇನ್’ ಇರುವ ಒಂದು ಸಣ್ಣ ಆಡಿಯೋ ಪೆಟ್ಟಿಗೆಯನ್ನು ಕೊಳ್ಳುವುದೇ ಸರಿಯಾದ ಮಾರ್ಗ. ಹಿನ್ನೆಲೆಯಲ್ಲಿ ‘ಹೂಂ’ ಎಂಬ ಮೊರೆತ ಕೇಳಿದರೆ ಅದು ನಮ್ಮ ದೇಶದ ವಿದ್ಯುತ್ತಿನ 50 ಹರ್ಟ್ಸಿನ ಕಂಪನ. ಲ್ಯಾಪ್‌ಟಾಪಿನ ಚಾರ್ಜರನ್ನು ತೆಗೆದು ಬ್ಯಾಟರಿಯ ಮೇಲೆ ಓಡಿಸಿದರೆ ಅನೇಕ ವೇಳೆ ಅದು ತಟಸ್ಥವಾಗುತ್ತದೆ. ಈ ಸಣ್ಣ ಉಪಾಯ ತಿಳಿಯದೆ ನಾನು ಎರಡು ಭಾನುವಾರಗಳನ್ನು ಕಳೆದೆ.

ಮುದ್ರಿಸಿಕೊಳ್ಳಲು ‘ಆಡಾಸಿಟಿ’ ಎಂಬ ತಂತ್ರಾಂಶ ಸಾಕು. 2000ನೆಯ ಇಸವಿಯಲ್ಲಿ ಮೊದಲು ಬಿಡುಗಡೆಯಾದ ಅದು ಉಚಿತ. ವಿಂಡೋಸ್, ಮ್ಯಾಕ್, ಲಿನಕ್ಸ್ ಮೂರರಲ್ಲೂ ನಡೆಯುತ್ತದೆ. ಮುಂದೆ ಸಿ.ಡಿ.ಗೆ ಹೋಗಬೇಕಾದ್ದರಿಂದ ಮೊದಲೇ 44,100 ಎಂಬ ದರವನ್ನು ಆರಿಸಿಕೊಂಡರೆ ಆಮೇಲೆ ಪರಿವರ್ತನೆಯ ಗೋಜಿಲ್ಲ. ಧ್ವನಿಯ ಮಟ್ಟವನ್ನು ತೋರಿಸುವ ಪಟ್ಟಿಯಲ್ಲಿ ಅತ್ಯಂತ ಜೋರಾದ ಸ್ವರವೂ ಸೊನ್ನೆಗಿಂತ 6 ಡೆಸಿಬೆಲ್ ಕೆಳಗೇ ನಿಲ್ಲುವಂತೆ ನೋಡಿಕೊಳ್ಳಬೇಕು. ಟೇಪಿನಲ್ಲಿ ಮಟ್ಟ ಸ್ವಲ್ಪ ಮೀರಿದರೂ ಕಿವಿ ಕ್ಷಮಿಸುತ್ತಿತ್ತು. ಅಂಕಿಗಳ ಲೋಕದಲ್ಲಿ ಸೊನ್ನೆಯ ಆಚೆಗೆ ಸ್ಥಳವೇ ಇಲ್ಲ. ತಾರಸ್ಥಾಯಿಯ ಷಡ್ಜದಲ್ಲಿ ಧ್ವನಿ ಕತ್ತರಿಸಿ ಹೋದರೆ ಮತ್ತೆ ಜೋಡಿಸುವ ಉಪಾಯವಿಲ್ಲ. ಒಂದು ಮಗ್ಗುಲನ್ನು ಆರಂಭದಿಂದ ಕೊನೆಯವರೆಗೆ ತಡೆಯಿಲ್ಲದೆ ಮುದ್ರಿಸಿಕೊಂಡು, ಏನನ್ನೂ ತಿದ್ದದೆ ಹಾಗೆಯೇ ಒಂದು ವೇವ್ ಕಡತವಾಗಿ ಉಳಿಸಿಡತಕ್ಕದ್ದು. ಇದೇ ಇನ್ನು ಮುಂದೆ ಮೂಲಪ್ರತಿ. ತಿದ್ದುಪಡಿಯೆಲ್ಲ ಇದರ ನಕಲಿನ ಮೇಲೆ. ನಿಮಿಷಕ್ಕೆ ಸುಮಾರು 10 ಎಂ.ಬಿ. ಜಾಗ ಹಿಡಿಯುತ್ತದೆ. ಅದನ್ನು ಉಳಿಸಲೆಂದು ಎಂ.ಪಿ.3 ಮಾಡುವವರಿದ್ದಾರೆ. ಎಂ.ಪಿ.3 ಎಂಬುದು ಕಿವಿಗೆ ಸುಲಭವಾಗಿ ಗೊತ್ತಾಗದ ಭಾಗಗಳನ್ನು ಶಾಶ್ವತವಾಗಿ ಬಿಸಾಡಿ ಗಾತ್ರ ಇಳಿಸುವ ಕ್ರಮ. ಹಂಚಲು ತಕ್ಕದ್ದು, ಕಾದಿಡಲು ತಕ್ಕದ್ದಲ್ಲ.

ತಿದ್ದುವ ಹಂತದಲ್ಲಿ ಸಂಯಮ ಬೇಕು. ನಮ್ಮ ಮೊದಲ ಸಿ.ಡಿ. ಕೆಟ್ಟದ್ದು ಇಲ್ಲಿಯೇ. ಸದ್ದು ತೆಗೆಯುವ ಸಾಧನ ಕೆಲಸ ಮಾಡುವ ರೀತಿ ಹೀಗೆ: ಹಾಡಿಲ್ಲದ ಒಂದೆರಡು ಸೆಕೆಂಡುಗಳನ್ನು ತೋರಿಸಿ ‘ಇದು ಸದ್ದು’ ಎಂದು ಅದಕ್ಕೆ ಪರಿಚಯಿಸುತ್ತೇವೆ, ಆ ಗುಣದ ಧ್ವನಿ ಎಲ್ಲೆಲ್ಲಿ ಕಂಡರೂ ಅದು ತಗ್ಗಿಸುತ್ತ ಹೋಗುತ್ತದೆ. ಪಾಶ್ಚಾತ್ಯ ಸಂಗೀತಕ್ಕೆ ಇದು ಹೊಂದೀತು. ನಮ್ಮ ಹಾಡಿನಲ್ಲಿ ಹಾಡಿಲ್ಲದ ಜಾಗದಲ್ಲೂ ತಂಬೂರಿ ನುಡಿಯುತ್ತಲೇ ಇರುತ್ತದೆ. ತಂಬೂರಿಯನ್ನೇ ಸದ್ದೆಂದು ಪರಿಚಯಿಸಿದರೆ ಯಂತ್ರ ನಿಷ್ಠೆಯಿಂದ ತಂಬೂರಿಯನ್ನೇ ತೆಗೆಯುತ್ತದೆ. ಜೊತೆಗೆ ಅದೇ ಶ್ರುತಿಯಲ್ಲಿ ನಿಂತ ಕಂಠದ ಷಡ್ಜ ಪಂಚಮಗಳನ್ನೂ ಕೆರೆಯುತ್ತದೆ. ಆದುದರಿಂದ ತಂಬೂರಿ ಆರಂಭವಾಗುವ ಮೊದಲಿನ, ಕೇವಲ ಟೇಪಿನ ‘ಹಿಸ್’ ಇರುವ ತುಣುಕನ್ನು ಮಾತ್ರ ಮಾದರಿಯಾಗಿ ಕೊಡಬೇಕು, ಅದೂ 6 ಡೆಸಿಬೆಲ್ ಮಟ್ಟಿಗೆ, ಅದಕ್ಕಿಂತ ಹೆಚ್ಚಿಲ್ಲ. ಉಳಿದ ಹಿಸ್ಸನ್ನು ಸಹಿಸಿಕೊಳ್ಳೋಣ. ಎರಡನೆಯ ಹಾಡಿನ ಹೊತ್ತಿಗೆ ಕಿವಿ ಅದನ್ನು ಮರೆಯುತ್ತದೆ. ಬಾಗಿಲು ಬಡಿದ ಸದ್ದು, ಹಾಲಿನವನ ಕೂಗು, ಇವನ್ನು ತೆಗೆಯುವುದು ಬಿಡುವುದು ಅವರವರ ಅಭಿರುಚಿ. ನಮ್ಮ ಮೂರನೆಯ ಸುರುಳಿಯ ಕೊನೆಗೆ ತಾಯಿಯವರು ಹಾಡು ಮುಗಿಸಿ, “ಇನ್ನೂ ತಿರಗ್ತದೇನೋ ಅದು? ಬಂದ್ ಮಾಡು” ಎನ್ನುತ್ತಾರೆ, ಆಮೇಲೆ ಗುಂಡಿ ಒತ್ತಿದ ಸದ್ದು. ಅಕ್ಕನ ಸಲಹೆಯ ಮೇರೆಗೆ ಅದನ್ನು ಮುಟ್ಟಲಿಲ್ಲ.

ಇನ್ನೊಂದು ಮುಖ್ಯ ಸಂಗತಿ ವೇಗ. ಅಂದಿನ ಟೂ-ಇನ್-ಒನ್‌ಗಳ ಮೋಟಾರು ಒಂದೇ ವೇಗದಲ್ಲಿ ತಿರುಗುತ್ತಿರಲಿಲ್ಲ. ನಿಧಾನವಾಗಿ ತಿರುಗುತ್ತ ಮುದ್ರಿಸಿಕೊಂಡದ್ದನ್ನು ಸರಿಯಾದ ಡೆಕ್ಕಿನಲ್ಲಿ ಕೇಳಿದರೆ ಶ್ರುತಿ ಏರಿರುತ್ತದೆ, ಲಯ ಚುರುಕಾಗಿರುತ್ತದೆ, ಕಂಠ ಕಿರಿದಾಗಿರುತ್ತದೆ. ಇದನ್ನು ಪತ್ತೆಹಚ್ಚುವುದು ಹೇಗೆ? ಮುದ್ರಣದಲ್ಲಿ ಹಾರ್ಮೋನಿಯಂ ಇದ್ದು, ಆ ಪೆಟ್ಟಿಗೆ ಈಗಲೂ ಕುಟುಂಬದಲ್ಲಿದ್ದರೆ ಅದೇ ಅಳತೆಗೋಲು. ನಮ್ಮದು ಡೊಂಬಿವಲಿಯಲ್ಲಿ ಅಕ್ಕನ ಮನೆಯಲ್ಲಿದೆ. ತಾಯಿಯವರು ಹಾಡುತ್ತಿದ್ದುದು ಕಪ್ಪು ಐದರಲ್ಲಿ. ಸುರುಳಿಯಲ್ಲಿ ಷಡ್ಜ ಕಪ್ಪು ಐದಕ್ಕೂ ಅದರ ಮೇಲಿನ ಬಿಳಿಯ ಮನೆಗೂ ನಡುವೆ ಎಲ್ಲೋ ನಿಂತಿತ್ತು. ಒಂದು ಮನೆಯಿಂದ ಪಕ್ಕದ ಮನೆಗೆ ಕಂಪನದಲ್ಲಿ ಸುಮಾರು ಶೇಕಡಾ 6ರ ಅಂತರ. ಅದರ ಅರ್ಧ ಶೇಕಡಾ 3. ಅಷ್ಟು ವೇಗ ಇಳಿಸಿದಾಗ ಆರು ನಿಮಿಷದ ಹಾಡು ಸುಮಾರು ಹತ್ತು ಸೆಕೆಂಡು ಉದ್ದವಾಯಿತು, ಅದಕ್ಕಿಂತ ಮುಖ್ಯವಾಗಿ ನಮಗೆ ಪರಿಚಿತವಾದ ಧ್ವನಿ ಹಿಂದಿರುಗಿತು. ಗಮನಿಸಬೇಕಾದದ್ದೇನೆಂದರೆ ತಂತ್ರಾಂಶದಲ್ಲಿ ಶ್ರುತಿಯನ್ನು ಮಾತ್ರ ಬದಲಿಸುವ, ಲಯವನ್ನು ಮಾತ್ರ ಬದಲಿಸುವ, ಎರಡನ್ನೂ ಒಟ್ಟಿಗೆ ಬದಲಿಸುವ ಮೂರು ಬೇರೆ ಬೇರೆ ಸೌಲಭ್ಯಗಳಿವೆ. ಟೇಪಿನ ದೋಷಕ್ಕೆ ಮೂರನೆಯದೇ ಮದ್ದು.

ಬಳಿಕ ಹಾಡುಗಳನ್ನು ಬಿಡಿಬಿಡಿಯಾಗಿ ಗುರುತಿಸಬೇಕು. ಪ್ರತಿ ಹಾಡಿನ ಆರಂಭದಲ್ಲಿ ಒಂದು ಚೀಟಿ ಅಂಟಿಸಿದಂತೆ ಗುರುತು ಹಾಕಿ, ಅವುಗಳ ಆಧಾರದ ಮೇಲೆ ಬೇರೆ ಬೇರೆ ಕಡತಗಳಾಗಿ ಹೊರತೆಗೆಯುವ ಅನುಕೂಲ ಆಡಾಸಿಟಿಯಲ್ಲಿದೆ. ಇಲ್ಲೊಂದು ಸೂಕ್ಷ್ಮವಿದೆ. ಸಿ.ಡಿ.ಯು ಒಂದು ಸೆಕೆಂಡನ್ನು 75 ಚೌಕಟ್ಟುಗಳಾಗಿ ವಿಭಾಗಿಸುತ್ತದೆ. ಹಾಡು ಚೌಕಟ್ಟಿನ ನಡುವೆ ಮುಗಿದರೆ ಉಳಿದ ಜಾಗಕ್ಕೆ ಮೌನವನ್ನು ತುಂಬಲಾಗುತ್ತದೆ. ಹಾಡುಗಳ ನಡುವೆ ಹೇಗೂ ವಿರಾಮವಿದ್ದರೆ ಇದರಿಂದ ಬಾಧಕವಿಲ್ಲ. ಆದರೆ ಭಜನೆಯಲ್ಲಿ ಒಂದು ಪದದಿಂದ ಇನ್ನೊಂದಕ್ಕೆ ತಾಳ ಕಡಿಯದೆ ಸಾಗುವಾಗ ಆ ಕಿರುಮೌನ ‘ಟಿಕ್’ ಎಂದು ಕೇಳಿಸುತ್ತದೆ. ಗುರುತುಗಳು ಚೌಕಟ್ಟಿನ ಅಂಚಿಗೇ ಕೂರುವಂತೆ ಮಾಡುವ ಆಯ್ಕೆಯನ್ನು ಬಳಸಿದರೆ ಈ ತೊಂದರೆ ತಪ್ಪುತ್ತದೆ. ಒಂದು ಸಿ.ಡಿ.ಯಲ್ಲಿ 99 ಹಾಡುಗಳವರೆಗೆ ಅವಕಾಶವಿದೆ, ಅಷ್ಟು ಯಾರಿಗೂ ಬೇಕಾಗದು.

ಧ್ವನಿಮಟ್ಟವನ್ನು ಹೊಂದಿಸುವಾಗ ಪ್ರತಿ ಹಾಡನ್ನೂ ಬೇರೆ ಬೇರೆಯಾಗಿ ಗರಿಷ್ಠಕ್ಕೆ ಏರಿಸುವವರುಂಟು. ಆಗ ಮೆಲ್ಲಗೆ ಹಾಡಿದ ಜೋಗುಳವೂ, ತಾಳ ಕುಟ್ಟಿ ಹಾಡಿದ ಭಜನೆಯೂ ಒಂದೇ ಜೋರಿನಲ್ಲಿ ಕೇಳುತ್ತವೆ. ಮಗು ಎದ್ದು ಕುಳಿತೀತು. ಇಡೀ ಸಂಗ್ರಹವನ್ನು ಒಂದೇ ಘಟಕವೆಂದು ಭಾವಿಸಿ ಒಟ್ಟಿಗೆ ಏರಿಸುವುದೇ ಯುಕ್ತ.

ಯಾವ ಹಾಡು ಯಾರದೆಂದು ದಾಖಲಿಸುವುದನ್ನು ತಾಂತ್ರಿಕ ಕೆಲಸಕ್ಕಿಂತ ಹೆಚ್ಚಿನ ಕೆಲಸವೆಂದು ನಾನು ತಿಳಿಯುತ್ತೇನೆ. ನಮ್ಮ ತಾಯಂದಿರು ಹಾಡುತ್ತಿದ್ದರೇ ಹೊರತು ಕರ್ತೃವಿನ ಹೆಸರು ಹೇಳುತ್ತಿರಲಿಲ್ಲ. ಆದರೆ ಕೊನೆಯ ಚರಣದ ಅಂಕಿತ ಹೇಳುತ್ತದೆ. ‘ಪುರಂದರವಿಠಲ’ ಯಾರದೆಂದು ಎಲ್ಲರಿಗೂ ಗೊತ್ತು, ‘ಕಾಗಿನೆಲೆಯಾದಿಕೇಶವ’ ಕನಕದಾಸರದು. ‘ವಿಜಯವಿಠಲ’ ವಿಜಯದಾಸರದು, ‘ಗೋಪಾಲವಿಠಲ’ ಗೋಪಾಲದಾಸರದು, ‘ಜಗನ್ನಾಥವಿಠಲ’ ಜಗನ್ನಾಥದಾಸರದು. ‘ಹೆಳವನಕಟ್ಟೆ ರಂಗ’ ಎಂದು ಬಂದರೆ ಗಿರಿಯಮ್ಮನವರು, ‘ಭೀಮೇಶಕೃಷ್ಣ’ ಎಂದರೆ ಹರಪನಹಳ್ಳಿಯ ಭೀಮವ್ವನವರು. ನಮ್ಮ ಸುರುಳಿಗಳಲ್ಲಿದ್ದ ಹದಿನೇಳು ಹಾಡುಗಳಲ್ಲಿ ನಾಲ್ಕು ಭೀಮವ್ವನವರವೆಂದು ತಿಳಿದದ್ದು ಹೀಗೆ. ಅಂಕಿತವಿಲ್ಲದ ಎರಡು ಸಂಪ್ರದಾಯದ ಹಾಡುಗಳಿಗೆ ‘ತಾಯಿಯವರು ತಮ್ಮ ಅತ್ತೆಯವರಿಂದ ಕಲಿತದ್ದು’ ಎಂದು ಬರೆದೆವು. ಹಾಡಿದವರು, ಹಾರ್ಮೋನಿಯಂ ನುಡಿಸಿದವರು, ಊರು, ವರ್ಷ, ಇಷ್ಟೂ ಒಳಕಾಗದದಲ್ಲಿ ಇರಬೇಕು. ಅದನ್ನು ಯುನಿಕೋಡಿನಲ್ಲಿಯೇ ಬೆರಳಚ್ಚು ಮಾಡಿರಿ. ಹಿಂದೆ ನಾವೆಲ್ಲ ಬಳಸಿದ ಹಳೆಯ ಲಿಪಿಗಳಲ್ಲಿ ಬರೆದ ಕಡತಗಳನ್ನು ಆ ಲಿಪಿ ಇಲ್ಲದ ಗಣಕದಲ್ಲಿ ತೆರೆದರೆ ಅರ್ಥವಿಲ್ಲದ ಅಕ್ಷರಗಳ ಸಂತೆಯಾಗುತ್ತದೆ. ಹಾಡಿನ ಹೆಸರು ಪ್ಲೇಯರಿನ ಪರದೆಯ ಮೇಲೆ ಮೂಡುವ ‘ಸಿ.ಡಿ. ಟೆಕ್ಸ್ಟ್’ ಎಂಬ ಸೌಲಭ್ಯವಿದೆ, ಆದರೆ ಅದರ ನಿಯಮಾವಳಿಯಲ್ಲಿ ಕನ್ನಡ ಲಿಪಿಗೆ ಎಡೆಯಿಲ್ಲ. ರೋಮನ್ ಅಕ್ಷರಗಳಲ್ಲಿ ಬರೆಯಬೇಕು, ಇಲ್ಲವೆ ಬಿಡಬೇಕು. ನಾವು ಬಿಟ್ಟೆವು.

ಹಾಡುಗಳ ಕ್ರಮವನ್ನು ನಿರ್ಧರಿಸುವಾಗ ಕಾಲಾವಕಾಶವನ್ನು ಲೆಕ್ಕಹಾಕಿಕೊಳ್ಳಬೇಕು. ಸಾಮಾನ್ಯ ಸಿ.ಡಿ.-ಆರ್. ಹಿಡಿಯುವುದು 80 ನಿಮಿಷ. ಸಿ-60 ಸುರುಳಿ ಸಂಪೂರ್ಣವಾಗಿ ಹಿಡಿಸುತ್ತದೆ, ಸಿ-90 ಹಿಡಿಸುವುದಿಲ್ಲ. ಡಬ್ಬಿಯ ಮೇಲೆ 700 ಎಂ.ಬಿ. ಎಂದಿದೆ, 80 ನಿಮಿಷದ ವೇವ್ ಕಡತಗಳು 800 ಎಂ.ಬಿ. ದಾಟುತ್ತವೆ, ಹಿಡಿಸುವುದು ಹೇಗೆ ಎಂದು ನನ್ನನ್ನು ಕೇಳಿದವರಿದ್ದಾರೆ. ಪ್ರಶ್ನೆ ಸರಿಯಾದುದೇ. ಆ 75 ಚೌಕಟ್ಟುಗಳಲ್ಲಿ ಪ್ರತಿಯೊಂದರಲ್ಲೂ 2,352 ಬೈಟುಗಳ ಜಾಗವಿದೆ. ಲೆಕ್ಕಪತ್ರದಂಥ ಮಾಹಿತಿಯನ್ನು ಬರೆಯುವಾಗ ಒಂದು ಅಕ್ಷರವೂ ತಪ್ಪಬಾರದೆಂದು ಅದರಲ್ಲಿ ಒಂದಷ್ಟನ್ನು ತಪ್ಪು ತಿದ್ದುವ ಸಂಕೇತಗಳಿಗೆ ಮೀಸಲಿಟ್ಟು, 2,048 ಬೈಟುಗಳನ್ನು ಮಾತ್ರ ಬಳಕೆಗೆ ಬಿಡುತ್ತಾರೆ. ಸಂಗೀತಕ್ಕೆ ಆ ಹೆಚ್ಚಿನ ಕಾವಲಿಲ್ಲದೆ ಪೂರ್ತಿ ಜಾಗ ದೊರೆಯುತ್ತದೆ.

ಸುಡುವ ಕ್ರಿಯೆ ಅತ್ಯಂತ ಸರಳ. ಈಚಿನ ಲ್ಯಾಪ್‌ಟಾಪುಗಳಲ್ಲಿ ಡ್ರೈವ್ ಇಲ್ಲದಿರುವುದರಿಂದ ಯು.ಎಸ್.ಬಿ.ಗೆ ಜೋಡಿಸುವ ಡಿ.ವಿ.ಡಿ. ರೈಟರ್ ಬೇಕಾಗುತ್ತದೆ. ಆಡಾಸಿಟಿ ಸ್ವತಃ ಸಿ.ಡಿ. ಬರೆಯದು, ಅದಕ್ಕೆ ‘ಇಮ್ಗ್‌ಬರ್ನ್’, ‘ಸಿ.ಡಿ. ಬರ್ನರ್ ಎಕ್ಸ್.ಪಿ.’ ಮೊದಲಾದ ಉಚಿತ ತಂತ್ರಾಂಶಗಳಿವೆ, ಲಿನಕ್ಸಿನಲ್ಲಿ ‘ಕೆ3ಬಿ’ ಇದೆ. ಮೂರು ವಿಷಯಗಳಲ್ಲಿ ಮಾತ್ರ ಎಚ್ಚರವಿರಲಿ. ‘ಡೇಟಾ ಸಿ.ಡಿ.’ ಅಲ್ಲ, ‘ಆಡಿಯೋ ಸಿ.ಡಿ.’ ಎಂಬುದನ್ನೇ ಆರಿಸಬೇಕು. ಊರಿನಲ್ಲಿರುವ ಹಿರಿಯರ ಹಳೆಯ ಪ್ಲೇಯರಿಗೆ ಗೊತ್ತಿರುವುದು ಎರಡನೆಯದು ಮಾತ್ರ. ‘ನೀವು ಕಳಿಸಿದ್ದು ಓಡುವುದಿಲ್ಲ’ ಎಂಬ ದೂರವಾಣಿ ಕರೆಗೆ ಹತ್ತಕ್ಕೆ ಎಂಟು ಸಲ ಇದೇ ಕಾರಣ. ಎರಡನೆಯದಾಗಿ, ‘ಡಿಸ್ಕ್ ಅಟ್ ಒನ್ಸ್’ ಎಂಬ ಕ್ರಮದಲ್ಲಿ, ಅಂದರೆ ಲೇಸರನ್ನು ನಡುವೆ ನಿಲ್ಲಿಸದೆ ಒಂದೇ ಉಸಿರಿಗೆ ಬರೆಯಬೇಕು. ಹಾಡಿಗೊಮ್ಮೆ ನಿಲ್ಲಿಸಿ ಬರೆದರೆ ನಡುವೆ ಎರಡು ಸೆಕೆಂಡು ಮೌನ ತಾನಾಗಿ ಸೇರಿಕೊಳ್ಳುತ್ತದೆ. ಮೂರನೆಯದು ವೇಗ. ತಟ್ಟೆಯ ಮೇಲೆ 52 ಪಟ್ಟು ಎಂದಿದ್ದರೂ 16 ಪಟ್ಟಿನಲ್ಲಿ ಬರೆಯುವುದು ನನ್ನ ರೂಢಿ. 80 ನಿಮಿಷದ ಸಿ.ಡಿ. ಐದಾರು ನಿಮಿಷಗಳಲ್ಲಿ ಮುಗಿಯುತ್ತದೆ. ಅಷ್ಟು ಹೊತ್ತು ಗಣಕಕ್ಕೆ ಬೇರೆ ಕೆಲಸ ಕೊಡದೆ ಒಂದು ಲೋಟ ಚಹಾ ಕುಡಿದು ಬರಬಹುದು.

ಬರೆದಾದ ಮೇಲೆ ಮೊದಲು ಕೇಳಬೇಕಾದದ್ದು ಕೊನೆಯ ಹಾಡು. ತಟ್ಟೆಯ ಹೊರ ಅಂಚು ದೋಷಗಳಿಗೆ ಹೆಚ್ಚು ಈಡಾಗುವುದರಿಂದ ಕೆಟ್ಟಿದ್ದರೆ ಅಲ್ಲಿಯೇ ಕೆಟ್ಟಿರುತ್ತದೆ. ಅನಂತರ ಮನೆಯಲ್ಲಿರುವ ಅತ್ಯಂತ ಹಳೆಯ ಪ್ಲೇಯರಿನಲ್ಲಿ ಹಾಕಿ ನೋಡಬೇಕು. ಅದು ಒಪ್ಪಿದರೆ ಎಲ್ಲವೂ ಒಪ್ಪುತ್ತವೆ.

ಹಳೆಯ ಸುರುಳಿಗಳಿಲ್ಲದೆ ಹೊಸದಾಗಿ ಮನೆಯಲ್ಲಿಯೇ ಮುದ್ರಿಸಬಯಸುವ ಭಜನಾ ಮಂಡಳಿಗಳೂ ನಮ್ಮಲ್ಲಿವೆ. ಅವರಿಗೆ ಎರಡು ಮಾತು. ಮಹಾಪೆ, ಘನ್ಸೋಲಿ, ಕೋಪರ್‌ಖೈರಣೆ ಸುತ್ತಿನಲ್ಲಿ ಠಾಣೆ-ಬೇಲಾಪುರ ರಸ್ತೆಯ ಲಾರಿಗಳು, ಎಂ.ಐ.ಡಿ.ಸಿ.ಯ ಯಂತ್ರಗಳು, ಪಕ್ಕದ ಮನೆಯ ಕುಕ್ಕರು, ಇವೆಲ್ಲ ಒಂದಿಷ್ಟು ಸುಮ್ಮನಾಗುವುದು ರಾತ್ರಿ ಹನ್ನೊಂದರ ಮೇಲೆ. ಫ್ಯಾನು, ಫ್ರಿಜ್ಜುಗಳನ್ನು ಆರಿಸಿ, ಮೊಬೈಲುಗಳನ್ನು ಬೇರೆ ಕೋಣೆಯಲ್ಲಿಟ್ಟು, ಗೋಡೆಗೆ ಎರಡು ದಪ್ಪ ಕೌದಿಗಳನ್ನು ತೂಗುಹಾಕಿದರೆ ಮಲಗುವ ಕೋಣೆಯೇ ಸ್ಟುಡಿಯೋ. ಮೈಕು ಹಾಡುವವರ ಬಾಯಿಯಿಂದ ಒಂದು ಗೇಣು ದೂರದಲ್ಲಿ, ನೇರವಾಗಿ ಅಲ್ಲದೆ ಸ್ವಲ್ಪ ಓರೆಯಾಗಿರಲಿ. ಹಾರ್ಮೋನಿಯಂ ನಾವು ತಿಳಿದುದಕ್ಕಿಂತ ಬಹಳ ಜೋರು. ಅದನ್ನು ದೂರ ಇಡಬೇಕು. ಫ್ರಿಜ್ಜನ್ನು ಮತ್ತೆ ಹಚ್ಚಲು ಮರೆತು ಮರುದಿನ ಮನೆಯವರಿಂದ ಕೇಳಿಸಿಕೊಂಡ ಮಾತುಗಳನ್ನು ಯಾವ ಸಿ.ಡಿ.ಯಲ್ಲೂ ಮುದ್ರಿಸಿಲ್ಲ.

ಹಕ್ಕುಸ್ವಾಮ್ಯದ ಬಗ್ಗೆಯೂ ತಿಳಿದಿರಬೇಕು. 1957ರ ಭಾರತೀಯ ಕೃತಿಸ್ವಾಮ್ಯ ಕಾಯಿದೆಯ ಪ್ರಕಾರ ಕವಿಯ ಜೀವಿತಾವಧಿ ಮತ್ತು ಆನಂತರ 60 ವರ್ಷ ಕೃತಿಯ ಮೇಲೆ ಹಕ್ಕು ಉಳಿಯುತ್ತದೆ. ದಾಸರ ಪದಗಳು, ವಚನಗಳು ಎಲ್ಲರ ಸೊತ್ತು. ಆದರೆ 1981ರಲ್ಲಿ ತೀರಿಕೊಂಡ ಬೇಂದ್ರೆಯವರ ಕವನಗಳ ಮೇಲೆ 2041ರ ಕೊನೆಯವರೆಗೆ, 1994ರಲ್ಲಿ ತೀರಿಕೊಂಡ ಕುವೆಂಪು ಅವರ ಕವನಗಳ ಮೇಲೆ 2054ರ ಕೊನೆಯವರೆಗೆ ಹಕ್ಕಿದೆ. ದಾಸರ ಪದವೇ ಆದರೂ ಅದಕ್ಕೆ ಇತ್ತೀಚಿನ ಸಂಗೀತ ನಿರ್ದೇಶಕರು ಹಾಕಿದ ಧಾಟಿ ಅವರದು. ಸ್ವಂತಕ್ಕೆ ಕೇಳಲು ಒಂದು ಪ್ರತಿ ಮಾಡಿಕೊಳ್ಳುವುದು ಬೇರೆ, ಮಂಡಳಿಯ ಹೆಸರಿನಲ್ಲಿ ನೂರು ಪ್ರತಿ ಮಾಡಿ ಮಾರುವುದು ಬೇರೆ. ಎರಡನೆಯದಕ್ಕೆ ಲಿಖಿತ ಅನುಮತಿ ಪಡೆಯಲೇಬೇಕು.

ಕೊನೆಗೆ ಸಂರಕ್ಷಣೆ. ತಟ್ಟೆಯ ಹೊಳೆಯುವ ಕೆಳಮಗ್ಗುಲನ್ನು ನಾವು ಜತನ ಮಾಡುತ್ತೇವೆ, ಮೇಲ್ಮಗ್ಗುಲನ್ನು ಅಲಕ್ಷಿಸುತ್ತೇವೆ. ವಾಸ್ತವದಲ್ಲಿ ಧ್ವನಿ ಅಡಗಿರುವ ಪದರ ಮೇಲ್ಮಗ್ಗುಲಿನ ತೆಳುವಾದ ಅರಗಿನ ಲೇಪದ ಕೆಳಗೇ ಇದೆ. ಕೆಳಗಡೆ ಮಿಲಿಮೀಟರಿಗೂ ಹೆಚ್ಚು ದಪ್ಪದ ರಕ್ಷಣೆಯಿದೆ. ಮೇಲೆ ಚೂಪಾದ ಪೆನ್ನಿನಿಂದ ಬರೆಯಬಾರದು, ಕಾಗದದ ಲೇಬಲ್ ಅಂಟಿಸಬಾರದು. ನೀರಿನ ಶಾಯಿಯ ಮೆತ್ತನೆಯ ಮಾರ್ಕರ್ ಸಾಕು. ಅಮೆರಿಕಾದ ಮಾನಕ ಸಂಸ್ಥೆಯಾದ ನಿಸ್ಟ್ 2003ರಲ್ಲಿ ಪ್ರಕಟಿಸಿದ ಕೈಪಿಡಿಯು ತಟ್ಟೆಗಳನ್ನು ನಿಲ್ಲಿಸಿ ಇಡಬೇಕು, 4ರಿಂದ 20 ಡಿಗ್ರಿ ಉಷ್ಣತೆಯಲ್ಲಿ, ಶೇಕಡಾ 20ರಿಂದ 50ರ ತೇವಾಂಶದಲ್ಲಿ ಇಡಬೇಕು ಎನ್ನುತ್ತದೆ. ಜುಲೈ ತಿಂಗಳ ನವಿ ಮುಂಬಯಿಯಲ್ಲಿ ಇದು ಸಾಧ್ಯವಿಲ್ಲದ ಮಾತು. ನಮ್ಮಿಂದಾಗುವುದು ಗಟ್ಟಿ ಡಬ್ಬಿ, ಬಿಸಿಲು ಬೀಳದ ಕಪಾಟು, ಒಂದೆರಡು ಸಿಲಿಕಾ ಜೆಲ್ ಪೊಟ್ಟಣ.

ಆದ್ದರಿಂದ ಸಿ.ಡಿ.ಯೊಂದನ್ನೇ ನಂಬಿ ಕೂರುವಂತಿಲ್ಲ. ಒಂದು ಕಾಲಕ್ಕೆ ನಮ್ಮಲ್ಲಿ ಮನೆಮಾತಾಗಿದ್ದ ಮೋಸರ್ ಬೇಯರ್ ಕಂಪನಿಯೇ 2018ರಲ್ಲಿ ಸಮಾಪನೆಗೆ ಹೋಯಿತು; ಹೊಸ ಕಾರುಗಳಲ್ಲಿ ಪ್ಲೇಯರ್ ಕಾಣುವುದು ಅಪರೂಪ. ಹಾಗಾದರೆ ಸಿ.ಡಿ. ಏಕೆಂದು ಮಗ ಕೇಳಿದ. ಹುಬ್ಬಳ್ಳಿಯ ಚಿಕ್ಕಮ್ಮನಿಗೆ ಲಿಂಕ್ ಕಳಿಸಿದರೆ ಆಗದು, ಗುಂಡಿ ಒತ್ತಿದರೆ ಹಾಡಬೇಕು. ಅಳಿಸಲಾಗದ, ತಪ್ಪಿ ಬೇರೇನನ್ನೂ ಅದರ ಮೇಲೆ ಬರೆಯಲಾಗದ ವಸ್ತು ಅದು. ತಿದ್ದದ ವೇವ್ ಕಡತಗಳ ಒಂದು ಪ್ರತಿ ಹಾರ್ಡ್ ಡಿಸ್ಕಿನಲ್ಲಿ, ಇನ್ನೊಂದು ಬೇರೆ ಊರಿನಲ್ಲಿರುವ ಅಣ್ಣನ ಬಳಿ, ಇವೆರಡರ ಮೇಲೆ ಸಿ.ಡಿ. ಎಂಬ ಏರ್ಪಾಟು ನಮ್ಮದು. ಪ್ರತಿ ವರ್ಷ ಶ್ರಾವಣದ ಮೊದಲ ಶುಕ್ರವಾರ ಮೂರನ್ನೂ ತೆಗೆದು ಕೇಳಿ ತಾಳೆ ನೋಡುತ್ತೇವೆ. ಮೂಲ ಸುರುಳಿಗಳನ್ನು ಎಸೆದಿಲ್ಲ. ಅವು ಈಗ ಸ್ಟೀಲಿನ ಡಬ್ಬಿಯಲ್ಲಿ, ಅಟ್ಟದಿಂದ ಇಳಿದು ದೇವರ ಕೋಣೆಯ ಪಕ್ಕದ ಕಪಾಟಿನಲ್ಲಿವೆ.